ಬೆಳೆದವರ ಕಾಫಿ ಯಾರದು?

ತನ್ನ ತೋಟದ ಫಸಲನ್ನು ತನಗೆ ಬೇಕಾದವರಿಗೆ, ತಾನು ಒಪ್ಪಿದ ಬೆಲೆಗೆ ಮಾರುವ ಹಕ್ಕು ಬೆಳೆಗಾರನಿಗೆ ಇರಬೇಕು ಎಂಬುದು ಒಂದು ವಾದ. ಬೆಲೆ ಕುಸಿದ ದಿನ ಅವನ ಕೈಹಿಡಿಯುವವರು ಯಾರು, ಆ ಹೊಣೆ ಸರ್ಕಾರದ್ದಲ್ಲವೇ ಎಂಬುದು ಇನ್ನೊಂದು ವಾದ. ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಇನ್ನೂ ಮುಗಿಯದ ಈ ಜಗಳವನ್ನು ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರು ಅರ್ಧ ಶತಮಾನ ಕಾಲ ತಮ್ಮ ಕಣದಲ್ಲೇ ಕಂಡರು.

ಎರಡನೆಯ ಮಹಾಯುದ್ಧ ಶುರುವಾದಾಗ ಭಾರತದ ಕಾಫಿಗೆ ಯುರೋಪಿನ ಮಾರುಕಟ್ಟೆ ತಪ್ಪಿಹೋಯಿತು. ಕೊಳ್ಳುವವರಿಲ್ಲದೆ ಬೆಳೆ ಉಳಿಯತೊಡಗಿದಾಗ, 1940ರಲ್ಲಿ ಸರ್ಕಾರ ನಡುವೆ ಬಂತು. 1942ರ ಕಾಯ್ದೆ ಆ ಏರ್ಪಾಡನ್ನು ಗಟ್ಟಿಮಾಡಿತು. ಬೆಳೆಗಾರರು ತಮ್ಮ ಕಾಫಿಯನ್ನು ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕು. ಮಂಡಳಿ ಅದನ್ನು ಹರಾಜು ಹಾಕಿ, ಖರ್ಚು ಕಳೆದು, ಉಳಿದ ಹಣವನ್ನು ಪ್ರಮಾಣ ಮತ್ತು ಗುಣಮಟ್ಟಕ್ಕೆ ತಕ್ಕಂತೆ ಹಂಚಬೇಕು. ದೊಡ್ಡ ಎಸ್ಟೇಟಿಗೂ ಮೂರೆಕರೆಯ ತೋಟಕ್ಕೂ ಒಂದೇ ಲೆಕ್ಕ. ನಷ್ಟದ ಭಯವನ್ನು ಎಲ್ಲರೂ ಹಂಚಿಕೊಳ್ಳುವ ಈ ಕ್ರಮ ಆ ಸಂಕಟದ ಕಾಲಕ್ಕೆ ಆಸರೆಯೇ ಆಗಿತ್ತು.

ಯುದ್ಧ ಮುಗಿಯಿತು, ಪೂಲ್ ಮಾತ್ರ ಉಳಿಯಿತು. ಫಸಲನ್ನು ಒಪ್ಪಿಸಿದ ಬೆಳೆಗಾರನಿಗೆ ಹಣ ಬರುತ್ತಿದ್ದುದು ಕಂತುಕಂತಾಗಿ. ಪೂಲ್ ತಪ್ಪಿಸಿ ಮಾರಿದರೆ ಅದು ಅಪರಾಧ. ಹಾಗಾದರೆ ಮಂಡಳಿಗೆ ಕೊಡುವುದು ಮಾರಾಟವೋ, ವಶಪಡಿಸಿಕೊಳ್ಳುವಿಕೆಯೋ? ಈ ಪ್ರಶ್ನೆ ತೆರಿಗೆಯ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇದು ಕಡ್ಡಾಯ ಸ್ವಾಧೀನವೇ ಹೊರತು ಖರೀದಿಯಲ್ಲ, ಆದ್ದರಿಂದ ಖರೀದಿ ತೆರಿಗೆ ಸಲ್ಲದು ಎಂದು ವಾದಿಸಿದ್ದು ಸ್ವತಃ ಮಂಡಳಿ! 1988ರಲ್ಲಿ ನ್ಯಾಯಾಲಯ ಅದನ್ನು ಒಪ್ಪದೆ, ಕಾನೂನಿನ ಕಟ್ಟಿನೊಳಗೂ ಇದು ಮಾರಾಟವೇ ಎಂದಿತು. ಕಾನೂನಿನ ಲೆಕ್ಕ ಅದು. ಆದರೆ ಬೇರೆಯವರಿಗೆ ಮಾರಲಾಗದವನ ಮಾರಾಟ ಎಂಥದು ಎಂಬ ಪ್ರಶ್ನೆ ತೋಟದಲ್ಲಿ ಉಳಿದೇ ಇತ್ತು.

ಕಟ್ಟು ಸಡಿಲವಾದದ್ದು ಹೊರಗಿನ ಬದಲಾವಣೆಗಳಿಂದಲೂ ಹೌದು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ನಿಂತಿತು. ಭಾರತದ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿಯಿತು. 1992ರಲ್ಲಿ ಬೆಳೆಯ ಶೇ. 30ರಷ್ಟನ್ನು, 1993ರಲ್ಲಿ ಶೇ. 50ರಷ್ಟನ್ನು ಬೆಳೆಗಾರರು ತಾವೇ ಮಾರಬಹುದು ಎಂದಾಯಿತು. 1996ರ ಹೊತ್ತಿಗೆ ಪೂಲ್ ಚರಿತ್ರೆಗೆ ಸೇರಿತು. ನಡುವೆ, 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿದು ಲೋಕದಲ್ಲೆಲ್ಲ ಬೆಲೆ ಏರಿತು. ಸ್ವಾತಂತ್ರ್ಯ ಒಳ್ಳೆಯ ಮುಹೂರ್ತದಲ್ಲೇ ಬಂದಿತ್ತು.

ಆದರೆ ಮಾರುಕಟ್ಟೆಗೆ ಇನ್ನೊಂದು ಮುಖವೂ ಇತ್ತು. ವಿಯೆಟ್ನಾಂ ಕೆಲವೇ ವರ್ಷಗಳಲ್ಲಿ ಬ್ರೆಜಿಲ್ ನಂತರದ ಸ್ಥಾನಕ್ಕೆ ಏರಿತು. 2001-02ರಲ್ಲಿ ಬೆಲೆ ಪಾತಾಳಕ್ಕಿಳಿಯಿತು. ಬಿಡುಗಡೆ ಕೇಳಿದ್ದ ಬೆಳೆಗಾರರೇ ಸಾಲದ ಹೊರೆಯಿಳಿಸಿ ಎಂದು ಸರ್ಕಾರದ ಬಾಗಿಲು ತಟ್ಟಬೇಕಾಯಿತು. 2010ರಲ್ಲಿ ಕೇಂದ್ರ ಸರ್ಕಾರ ಸಾಲ ಪರಿಹಾರ ಯೋಜನೆಯನ್ನೂ ತಂದಿತು.

ಇದನ್ನು ದ್ವಂದ್ವ ನೀತಿ ಎಂದು ಹಂಗಿಸುವುದು ಸುಲಭ. ಮಾರುವ ನಿರ್ಧಾರ ಮತ್ತು ನಷ್ಟದ ಭಯ ಒಂದೇ ಗಂಟಿನಲ್ಲಿವೆ ಎಂಬುದು ನಿಜವಾದ ಮಾತು. ಪೂಲ್ ಎರಡನ್ನೂ ಬೆಳೆಗಾರನಿಂದ ಕಿತ್ತುಕೊಂಡಿತ್ತು, ಮುಕ್ತ ಮಾರುಕಟ್ಟೆ ಎರಡನ್ನೂ ಹಿಂದಿರುಗಿಸಿತು. ದೊಡ್ಡ ಎಸ್ಟೇಟು ಫಸಲನ್ನು ದಾಸ್ತಾನು ಮಾಡಿ ಬೆಲೆಗಾಗಿ ಕಾಯಬಲ್ಲದು. ಸಾಲದ ಕಂತು ಕಟ್ಟಬೇಕಾದ ಸಣ್ಣ ಬೆಳೆಗಾರ ಕಾಯಲಾರ. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಇಂಥ ಸಣ್ಣವು.

ಸರ್ಕಾರದ ಕೈ ಬೇಕೇ ಬೇಡವೇ ಎಂಬುದಕ್ಕಿಂತ, ಅದು ಎಲ್ಲಿರಬೇಕು ಎಂಬುದೇ ಸರಿಯಾದ ಪ್ರಶ್ನೆ. ಬಾಳೆಹೊನ್ನೂರಿನ ಬಳಿ ಮೈಸೂರು ಸಂಸ್ಥಾನ 1925ರಲ್ಲೇ ಆರಂಭಿಸಿದ ಕಾಫಿ ಸಂಶೋಧನಾ ಕೇಂದ್ರ ಪೂಲ್‌ಗಿಂತ ಹಳೆಯದು, ಪೂಲ್ ಹೋದ ಮೇಲೂ ಉಳಿಯಿತು. ಒಳ್ಳೆಯ ತಳಿ ಕೊಡುವುದಕ್ಕೆ, ಕಾಂಡಕೊರಕದ ಹುಳುವಿಗೆ ಮದ್ದು ಹುಡುಕುವುದಕ್ಕೆ ಅದು ಯಾರ ಫಸಲನ್ನೂ ಕೇಳಲಿಲ್ಲ. ಸಾಲ, ಗೋದಾಮು, ದಿನದ ಬೆಲೆಯ ಮಾಹಿತಿಗಳಲ್ಲೂ ಅಂಥದೇ ಆಸರೆ ಸಿಕ್ಕರೆ, ಕಾಯಲಾರದವನಿಗೂ ತನ್ನ ಕಾಫಿ ತನ್ನದೇ ಎನಿಸೀತು.