ಗಾಳಿಯೇ ಬೆನ್ನೆಲುಬಾದ ರೆಕ್ಕೆ



ವಿಮಾನವೆಂದೊಡನೆ ಲೋಹದ ಒಡಲು, ಸೆಟೆದು ಚಾಚಿದ ರೆಕ್ಕೆಗಳು ನಮ್ಮ ಕಣ್ಣಮುಂದೆ ಬರುತ್ತವೆ. ಇವೆರಡೂ ಇಲ್ಲದೆ, ಚೀಲದಲ್ಲಿ ಮಡಿಸಿಡಬಹುದಾದ ಬಟ್ಟೆಯ ರೆಕ್ಕೆಯನ್ನು ನಂಬಿ ಹಾರುವ ಸಾಧನವೊಂದಿದೆ. ಅದೇ ಪ್ಯಾರಾಮೋಟರ್, ಎಂದರೆ ಎಂಜಿನು ಹೊತ್ತ ಪ್ಯಾರಾಗ್ಲೈಡರ್.

ಅಮೆರಿಕದ ಡಾಮಿನಾ ಜಾಲ್ಬರ್ಟ್ 1964ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದ ರೆಕ್ಕೆಯೇ ಇದರ ಪೂರ್ವಜ. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ. ನಡುವೆ ಸಾಲುಸಾಲಾದ ಕೋಣೆಗಳು. ಮುಂದಕ್ಕೆ ಬಾಯ್ದೆರೆದ ಆ ಕೋಣೆಗಳಲ್ಲಿ ಗಾಳಿ ತುಂಬಿದಾಗ ಬಟ್ಟೆ ಉಬ್ಬಿ ರೆಕ್ಕೆಯ ಆಕಾರ ತಾಳುತ್ತದೆ. ಅದಕ್ಕೆ ತೊಲೆಯಿಲ್ಲ, ಕಂಬಿಯಿಲ್ಲ; ಗಾಳಿಯೇ ಅದರ ಬೆನ್ನೆಲುಬು.

ಹಾರುವವನ ಬೆನ್ನ ಮೇಲೆ ಎಂಜಿನು, ಅದರ ಹಿಂದೆ ತಿರುಗುವ ಪಂಖ. ಇವುಗಳ ತೂಕ ಸಾಮಾನ್ಯವಾಗಿ 20ರಿಂದ 35 ಕಿಲೋಗ್ರಾಂ. ಕೈಯೂ ದಾರಗಳೂ ಪಂಖಕ್ಕೆ ಸಿಲುಕದಂತೆ ಸುತ್ತಲೂ ಪಂಜರವಿರುತ್ತದೆ. ಎಂಜಿನಿನ ಬಿರುಸು ಹೆಚ್ಚಿದಾಗ ವಾಹನದ ವೇಗ ಅಷ್ಟಾಗಿ ಹೆಚ್ಚುವುದಿಲ್ಲ. ರೆಕ್ಕೆಯ ಕೆಳಗೆ ಲೋಲಕದಂತೆ ತೂಗುವ ದೇಹ ಮುಂದಕ್ಕೆ ಸರಿಯುತ್ತದೆ, ರೆಕ್ಕೆ ಮೇಲ್ಮುಖವಾಗುತ್ತದೆ, ವಾಹನ ಏರುತ್ತದೆ. ಬಲಗೈಯ ದಾರವನ್ನೆಳೆದರೆ ರೆಕ್ಕೆಯ ಬಲಭಾಗದ ಹಿಂಬದಿಯ ಅಂಚು ಬಾಗಿ, ಗತಿ ಬಲಕ್ಕೆ ಹೊರಳುತ್ತದೆ. ಎಂಜಿನು ನಿಂತರೂ ಅದು ಕಲ್ಲಿನಂತೆ ಬೀಳದೆ, ತೇಲುತ್ತ ಇಳಿಯುತ್ತದೆ.

ಆದರೆ ಗಾಳಿಯನ್ನೇ ನೆಚ್ಚಿದ್ದಕ್ಕೆ ಗಾಳಿಯ ಮುನಿಸೇ ಅಪಾಯ. ಕಣದಲ್ಲಿ ರಾಶಿ ತೂರುವ ನಮ್ಮ ರೈತನು ಗಾಳಿ ಬೀಸಲೆಂದು ಕಾಯುತ್ತಾನೆ. ಈ ಹಾರಾಟಗಾರನು ಅದು ಶಾಂತವಾಗಲೆಂದು ಕಾಯುತ್ತಾನೆ. ಬಿಸಿಲೇರಿದಾಗ ನೆಲದಿಂದೇಳುವ ಬಿಸಿಗಾಳಿಯ ಸುಳಿಗೆ ಬಟ್ಟೆ ಮುದುಡಬಹುದು. ಮುಂಜಾನೆ, ಇಳಿಹೊತ್ತುಗಳೇ ಇದಕ್ಕೆ ಪ್ರಶಸ್ತವಾಗಿರುವುದು ಆದ್ದರಿಂದ.

ನೀರು ಇನ್ನೂ ಕಠಿಣ ಶತ್ರು. 2020ರ ಅಕ್ಟೋಬರ್ 2ರಂದು ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಇಂಥ ವಾಹನವೊಂದು ಸಮುದ್ರಕ್ಕೆ ಬಿದ್ದು, ನೌಕಾಪಡೆಯ ಅಧಿಕಾರಿಯೊಬ್ಬರು ಅಸುನೀಗಿದರು. ಆಕಾಶದಲ್ಲಿ ಜೀವ ಹಿಡಿದಿದ್ದ ದಾರಗಳೇ ನೀರಿನಲ್ಲಿ ಕಾಲ್ತೊಡಕಾಗಬಲ್ಲವು. ಬೆನ್ನಿನ ಎಂಜಿನು ಈಜುಬಲ್ಲವನನ್ನೂ ತಳಕ್ಕೆಳೆಯಬಲ್ಲುದು. ನೀರಿಗೆ ಬಿದ್ದೊಡನೆ ತಾನಾಗಿ ಉಬ್ಬುವ ತೇಲುಚೀಲ, ಥಟ್ಟನೆ ಕಳಚುವ ಪಟ್ಟಿ, ದಾರ ಕೊಯ್ಯುವ ಚೂರಿ, ಇವು ಆಡಂಬರವಲ್ಲ, ವಾಹನದ ಅಂಗಗಳೇ.

ಭಾರತ ಸರ್ಕಾರದ 2022ರ ರಾಷ್ಟ್ರೀಯ ವಾಯುಕ್ರೀಡಾ ನೀತಿಯು ಈ ಕ್ರೀಡೆಯನ್ನೂ ಒಳಗೊಂಡಿದೆ. ನೀತಿ ಕಾಗದದ ಮೇಲಿರಬಹುದು. ಪಟ್ಟಿಯನ್ನು ಬಿಗಿಯುವ ಕೈ ನಮ್ಮದೇ. ನಮ್ಮ ಸಂತೇಬೆನ್ನೂರಿನ ಬಳಿಯ ಸೂಳೆಕೆರೆಯ ವಿಸ್ತಾರವನ್ನು ಮೇಲಿನಿಂದ ನೋಡಬೇಕೆಂಬ ಆಸೆ ನಾಳೆ ಯಾವ ತರುಣನಿಗಾದರೂ ಮೂಡೀತು. ಆ ಆಸೆ ಒಳ್ಳೆಯದೇ. ಏರುವುದನ್ನು ಕಲಿಯುವ ಮೊದಲು ಇಳಿಯುವುದನ್ನೂ, ಬಿದ್ದರೆ ಬಿಡಿಸಿಕೊಳ್ಳುವುದನ್ನೂ ಅವನು ಬಲ್ಲವರಲ್ಲಿ ಕಲಿಯಲಿ.