ಪ್ರಿಂಟ್ ಆಗುತ್ತೆ, ಸ್ಕ್ಯಾನ್ ಆಗಲ್ಲ!

ನಾನು ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಆಫೀಸಿನಲ್ಲಿ ದಿನವಿಡೀ ಸರ್ವರ್ ನೋಡ್ಕೊಳ್ಳೋದೇ ನನ್ನ ಕೆಲಸ. ಅಂಥ ನನ್ನನ್ನ ಮನೆಯ ಒಂದು ಪ್ರಿಂಟರ್ ಅರ್ಧ ರಾತ್ರಿವರೆಗೆ ಆಟ ಆಡಿಸಿತು. ಇವತ್ತು ಅದರ ಕಥೆ.

ಅಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು. ವಿಮೆ ಕ್ಲೇಮಿಗೆ ಬಿಲ್ಲು, ರಿಪೋರ್ಟು ಎಲ್ಲ ಸೇರಿ 26 ಹಾಳೆ ಅಪ್‌ಲೋಡ್ ಮಾಡಬೇಕು. ಮರುದಿನವೇ ಕೊನೇ ದಿನ. ಫಾರಂ ಪ್ರಿಂಟ್ ತೆಗೆದೆ, ಚೆನ್ನಾಗಿ ಬಂತು. ಅಮ್ಮನ ಸಹಿ ಹಾಕಿಸಿ ಸ್ಕ್ಯಾನ್ ಮಾಡೋಕೆ ಹೋದರೆ, ‘ಸ್ಕ್ಯಾನರ್ ಸಿಗುತ್ತಿಲ್ಲ’ ಅಂತ ಬಂತು. ಅದೇ ಡಬ್ಬ, ಅದೇ ವೈಫೈ! ಫೋನಲ್ಲಿ ಫೋಟೋ ತೆಗೆದು ನೋಡಿದೆ. ಮೆಡಿಕಲ್ ಶಾಪಿನ ಬಿಲ್ಲುಗಳ ಅಕ್ಷರ ಆಗಲೇ ಮಾಸಿಹೋಗಿತ್ತು, ಓದೋಕೇ ಆಗ್ತಿರಲಿಲ್ಲ.

ಮೂರು ಸಲ ರೀಸ್ಟಾರ್ಟ್ ಮಾಡಿದೆ. ಆಂಟಿವೈರಸ್ ಆಫ್ ಮಾಡಿದೆ. ವಿಂಡೋಸ್ ಅಪ್‌ಡೇಟಿಗೆ ಒಂದು ಗಂಟೆ ಹೋಯ್ತು. ಸಿಟ್ಟು ಬಂದು ಡ್ರೈವರ್ ಎಲ್ಲ ಕಿತ್ತು ಹಾಕೋಣ ಅಂತ ಹೊರಟೆ. ಮಂಚದ ಮೇಲಿಂದಲೇ ಅಮ್ಮ ಕೇಳಿದರು: "ಗ್ಯಾಸ್ ಸ್ಟೌವಲ್ಲಿ ಒಂದು ಬರ್ನರ್ ಹತ್ತುತ್ತೆ, ಇನ್ನೊಂದು ಹತ್ತಲ್ಲ ಅಂದ್ರೆ ಸಿಲಿಂಡರ್ ಬದಲಾಯಿಸ್ತಾರೇನೋ?"

ಅಲ್ಲೇ ಕೈ ನಿಲ್ಲಿಸಿದೆ. ನಮಗೆ ಅದು ಒಂದೇ ಡಬ್ಬ. ಕಂಪ್ಯೂಟರಿಗೆ ಮಾತ್ರ ಅದು ಎರಡು ಯಂತ್ರ. ಪ್ರಿಂಟರಿನ ದಾರಿ ಬೇರೆ, ಸ್ಕ್ಯಾನರಿನ ದಾರಿ ಬೇರೆ. ಪ್ರಿಂಟ್ ಬರ್ತಿದೆ ಅಂದ್ರೆ ಕರೆಂಟು, ವೈಫೈ ಎರಡೂ ಸರಿಯಾಗಿವೆ. ಹಾಗಾದರೆ ಸ್ಕ್ಯಾನರ್ ದಾರಿ ಮಾತ್ರ ನೋಡಬೇಕು.

ಮೂರು ದಿನದ ಹಿಂದೆ ಹೊಸ ರೂಟರ್ ಹಾಕಿಸಿದ್ದೆ! ಪ್ರಿಂಟರಿನ ಮೆನುವಿನಿಂದ ನೆಟ್‌ವರ್ಕ್ ರಿಪೋರ್ಟ್ ತೆಗೆದೆ. ಐಪಿ ವಿಳಾಸ ಈಗ 192.168.0 ಅಂತ ಶುರುವಾಗ್ತಿತ್ತು, ಮೊದಲು 192.168.1 ಇತ್ತು. ವಿಂಡೋಸ್‌ನಲ್ಲಿ ನನ್ನ ಪ್ರಿಂಟರ್ ಇದ್ದದ್ದು ಡಬ್ಲ್ಯುಎಸ್‌ಡಿ ಪೋರ್ಟಿನಲ್ಲಿ. ಅದು ವಿಳಾಸ ಬದಲಾದರೂ ಯಂತ್ರವನ್ನ ಹುಡುಕಿಕೊಳ್ಳುತ್ತೆ. ಸ್ಕ್ಯಾನ್ ಸಾಫ್ಟ್‌ವೇರ್ ಮಾತ್ರ ಹಳೇ ವಿಳಾಸವನ್ನೇ ಹಿಡ್ಕೊಂಡು ಖಾಲಿ ಮನೆ ಬಾಗಿಲು ತಟ್ತಾ ಇತ್ತು. ಅದರ ಸೆಟ್ಟಿಂಗ್ಸ್‌ನಲ್ಲಿ ಹೊಸ ವಿಳಾಸ ಹಾಕಿದೆ. ಎರಡು ನಿಮಿಷದ ಕೆಲಸ. ಮತ್ತೆ ಬದಲಾಗದ ಹಾಗೆ ರೂಟರಿನಲ್ಲಿ ಆ ವಿಳಾಸವನ್ನ ಪ್ರಿಂಟರಿಗೇ ಕಾಯ್ದಿರಿಸಿದೆ.

ನಿಮ್ಮ ಮನೇಲೂ ಹೀಗಾದರೆ ಮೊದಲು ಯಾವುದು ಕೆಲಸ ಮಾಡ್ತಿದೆ ನೋಡಿ. ಇತ್ತೀಚೆಗೆ ಏನು ಬದಲಾಯ್ತು ನೆನಪು ಮಾಡ್ಕೊಳ್ಳಿ. ಎರಡು ಸ್ಕ್ಯಾನ್ ಸಾಫ್ಟ್‌ವೇರ್ ತೆರೆದಿದ್ದರೆ ಒಂದನ್ನ ಮುಚ್ಚಿ. ವಿಂಡೋಸ್ ಸರ್ವೀಸಸ್‌ನಲ್ಲಿ ‘ವಿಂಡೋಸ್ ಇಮೇಜ್ ಅಕ್ವಿಸಿಷನ್’ ಓಡ್ತಿದೆಯಾ ನೋಡಿ. ಯುಎಸ್‌ಬಿ ಕೇಬಲ್ ಹಾಕಿ ನೋಡಿ. ಅದರಲ್ಲಿ ಸ್ಕ್ಯಾನ್ ಆದರೆ ತೊಂದರೆ ನೆಟ್‌ವರ್ಕಿನದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಡ್ರೈವರ್ ಕೀಳೋದು ಕೊನೇ ಉಪಾಯ.

ರಾತ್ರಿ 12.40ಕ್ಕೆ 26ನೇ ಹಾಳೆ ಅಪ್‌ಲೋಡ್ ಆಯ್ತು. ಅಮ್ಮ ಆಗಲೇ ನಿದ್ದೆ ಹೋಗಿದ್ದರು. ಕ್ಲೇಮ್ ಹಣ ಬಂತಾ ಅಂತ ಮಾತ್ರ ಕೇಳಬೇಡಿ, ಅದಕ್ಕೆ ಇನ್ನೊಂದು ವಿಡಿಯೋನೇ ಬೇಕು.