ಮಂಜಿನಲ್ಲಿ ಯಾವ ದೀಪ?



ಡಿಸೆಂಬರ್, ಜನವರಿ ಬಂತೆಂದರೆ ದೆಹಲಿಯ ನಸುಕು ಮಂಜಿನದು. ಊರಿನಿಂದ ಬರುವ ಅಪ್ಪ-ಅಮ್ಮನನ್ನು ಕರೆತರಲು ಮುಂಜಾನೆಯೇ ವಿಮಾನ ನಿಲ್ದಾಣಕ್ಕೆ ಹೊರಡುತ್ತೀರಿ. ಅವರನ್ನು ಕೂರಿಸಿಕೊಂಡು ಯಮುನಾ ಎಕ್ಸ್‌ಪ್ರೆಸ್ ವೇಯಲ್ಲಿ ಆಗ್ರಾಕ್ಕೂ ಹೋಗುತ್ತೀರಿ. ಮಂಜು ನಮಗೇನು ಹೊಸದೇ? ಚಾರ್ಮಾಡಿ, ಆಗುಂಬೆ ಘಾಟಿ ಕಂಡವರು ನಾವು. ಆದರೆ ಅಲ್ಲಿ ತಿರುವುಗಳೇ ವೇಗಕ್ಕೆ ಕಡಿವಾಣ ಹಾಕುತ್ತವೆ. ಇಲ್ಲಿ ರಸ್ತೆ ನೇರ, ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಅಪಾಯ ಇರುವುದೇ ಅಲ್ಲಿ.

ಮೊದಲು ದೀಪದ ಮಾತು. ಏನೂ ಕಾಣದಾಗ ಹೈ ಬೀಮ್ ಹಾಕಬೇಕೆನಿಸುವುದು ಸಹಜ. ಹಾಕಿದರೆ ಬೆಳಕು ಮಂಜಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ. ಎದುರಿಗೆ ಬಿಳಿ ಗೋಡೆ ನಿಂತಂತೆ. ಆದ್ದರಿಂದ ಲೋ ಬೀಮ್, ಜೊತೆಗೆ ಫಾಗ್ ಲೈಟ್. ಫಾಗ್ ಲೈಟನ್ನು ಅಷ್ಟು ಕೆಳಗೆ ಕೂರಿಸಿರುವುದು ಅಂದಕ್ಕಲ್ಲ. ಅದರ ಬೆಳಕು ಮೇಲೇಳದೆ, ಅಗಲವಾಗಿ ರಸ್ತೆಯ ಮೇಲೆ ಹರಡುತ್ತದೆ. ಅಂಚಿನ ಗೆರೆ ಕಾಣಿಸುತ್ತದೆ. ದೂರ ತೋರಿಸುವ ದೀಪ ಅದಲ್ಲ. ಹಳದಿ ಬಲ್ಬು ಮಂಜನ್ನು ಸೀಳುತ್ತದೆಂದು ನಂಬಿ ವೇಗ ಹೆಚ್ಚಿಸಬೇಡಿ. ಮಂಜಿನ ಹನಿ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ.

ಕಾರಿನ ಹಿಂದೆ ಕೆಂಪು ಫಾಗ್ ಲೈಟ್ ಇದ್ದರೆ ದಟ್ಟ ಮಂಜಿನಲ್ಲಿ ಹಾಕಿ, ಮಂಜು ಸರಿದ ಕೂಡಲೇ ಆರಿಸಿ. ಅದು ಬ್ರೇಕ್ ದೀಪದಂತೆಯೇ ಪ್ರಖರ. ಹಿಂದಿನವರ ಕಣ್ಣು ಕುಕ್ಕುತ್ತದೆ, ನೀವು ನಿಜಕ್ಕೂ ಬ್ರೇಕ್ ಹಾಕಿದ್ದು ಅವರಿಗೆ ತಿಳಿಯುವುದಿಲ್ಲ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವುದೂ ಬೇಡ; ನೀವು ನಿಂತಿದ್ದೀರೋ, ತಿರುಗುತ್ತೀರೋ ಯಾರಿಗೂ ಗೊತ್ತಾಗದು. ಮುಂದೆ ತಾನಾಗಿ ಉರಿಯುವ ಹಗಲು ದೀಪ ಇದೆಯಲ್ಲ ಎಂದು ಸುಮ್ಮನಿರಬೇಡಿ. ಹಲವು ಕಾರುಗಳಲ್ಲಿ ಅದರ ಜೊತೆ ಹಿಂದಿನ ದೀಪ ಹತ್ತುವುದೇ ಇಲ್ಲ.

ಈಗ ಒಂದು ಲೆಕ್ಕ. 50 ಮೀಟರಿನಾಚೆ ಕಾಣದಿದ್ದರೆ ಹವಾಮಾನ ಇಲಾಖೆ ಅದನ್ನು ಅತಿ ದಟ್ಟ ಮಂಜು ಎನ್ನುತ್ತದೆ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಆ 50 ಮೀಟರ್ ಮೂರೇ ಸೆಕೆಂಡಿನ ದಾರಿ. ಕೆಟ್ಟು ನಿಂತ ಲಾರಿ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅರ್ಧ ಮುಗಿದಿರುತ್ತದೆ. ಯಾವ ದೀಪವೂ ಈ ಲೆಕ್ಕವನ್ನು ಬದಲಿಸದು. ಕಾಣುವಷ್ಟು ದೂರದೊಳಗೆ ಗಾಡಿ ನಿಲ್ಲಿಸಲು ಆಗುವ ವೇಗವೇ ಸರಿಯಾದ ವೇಗ.

ಕಾಣುವುದೇ ಇಲ್ಲವೆಂದರೆ ರಸ್ತೆಯಲ್ಲಿ ನಿಲ್ಲಿಸಬೇಡಿ. ನಿಧಾನಕ್ಕೆ ಸಾಗಿ, ಸಿಕ್ಕ ಪೆಟ್ರೋಲ್ ಬಂಕಿನೊಳಗೆ ತಿರುಗಿಸಿ, ಒಂದು ಚಹಾ ಕುಡಿಯಿರಿ. ಮಂಜಿನ ದಿನ ವಿಮಾನವೂ ತಡವೇ. ನೀವು ತಡವಾದರೂ ಅಪ್ಪ-ಅಮ್ಮ ಕಾಯುತ್ತಾರೆ.

ಶುಭ ಪ್ರಯಾಣ.